ಬಕೆಟ್ಟಿನಲ್ಲಿ ಅರಳಿದ ಮಲ್ಲಿಗೆ

ಆ ವರ್ಷ ಯುಗಾದಿಗೆ ಮುಂಚೆಯೇ ಹಿತ್ತಿಲಿನ ದುಂಡುಮಲ್ಲಿಗೆ ಮೈತುಂಬ ಮೊಗ್ಗು ಬಿಟ್ಟಿತು. ಗಿಡಕ್ಕೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಅದನ್ನು ನೆಟ್ಟಿದ್ದ ತಾರಿಖ್, ಹಿರೇಹಳ್ಳಿಯ ಫ್ಯಾಕ್ಟರಿಯಿಂದ ಗುಬ್ಬಿಗೆ ಮರಳುವಾಗ ಲಾರಿಗೆ ಸಿಕ್ಕು ಸತ್ತಿದ್ದ. ಅವನ ಹೆಂಡತಿ ರೂಬಿ, ಗಂಡ ಸತ್ತವಳು ಪಾಲಿಸಬೇಕಾದ ಇದ್ದತ್ತಿನಲ್ಲಿ ಕೂತಿದ್ದಳು. ಅದು ಮುಗಿಯುವ ತನಕ ಹೊಸ್ತಿಲು ದಾಟುವಂತಿಲ್ಲ, ಬಣ್ಣದ ಬಟ್ಟೆಯಿಲ್ಲ, ಹೂವಿಲ್ಲ, ಅತ್ತರಿಲ್ಲ.

"ಗಿಡಕ್ಕೂ ಇದ್ದತ್ತಾ?" ಎಂದು ಅತ್ತೆ ರಹಿಮಾ ಬೀ ಮೊದಮೊದಲು ಗೊಣಗಿದ್ದಳು. ಮಾತಾಡಿಸಲು ಬಂದ ಹೆಂಗಸರು ಮೂಗರಳಿಸಿ ಮುಖ ಮುಖ ನೋಡಿಕೊಂಡ ಮೇಲೆ ಅವಳೂ ಮೆತ್ತಗಾಗಿ, ಹೂ ಮನೆಯಲ್ಲಿರುವುದು ಬೇಡವೆಂದಳು. ಅಂದಿನಿಂದ ರೂಬಿ ಮಧ್ಯಾಹ್ನವೇ, ಬಿರಿಯುವ ಮೊದಲೇ, ಮೊಗ್ಗು ಬಿಡಿಸಿ ಗೋಡೆಯಾಚೆಯ ರಂಗಲಕ್ಷ್ಮಮ್ಮನಿಗೆ ದಾಟಿಸುತ್ತಿದ್ದಳು. ಆಚೆ ಮನೆಯ ದೇವರ ಕೋಣೆ ದಿನಾ ಘಮಘಮಿಸುತ್ತಿತ್ತು.

ಕುಣಿಗಲ್ಲಿನಿಂದ ತಾರಿಖನ ಸೋದರತ್ತೆ ಖೈರುನ್ನೀಸಾ ಬರುವ ದಿನವೇ ರಂಗಲಕ್ಷ್ಮಮ್ಮನ ಮನೆಗೆ ಬೀಗ. ನಿಟ್ಟೂರಿಗೆ ಹೋಗಿದ್ದಳಂತೆ. ಖೈರುನ್ನೀಸಾ ಸುಮ್ಮನೆ ಬರುವವಳಲ್ಲ. ರೂಬಿ ಈ ಮನೆಯಲ್ಲೇ ಉಳಿಯಬೇಕೋ, ತವರಿಗೆ ಹೋಗಬೇಕೋ ತೀರ್ಮಾನಿಸಲು ಬರುತ್ತಿದ್ದಳು. ಮನೆತನದಲ್ಲಿ ಅವಳ ಮಾತೇ ಕೊನೆ. ತವರಲ್ಲಿ ಅತ್ತಿಗೆಯರ ಎಂಜಲು ತಟ್ಟೆ ತೊಳೆಯುವ ಬಾಳು ರೂಬಿಗೆ ಬೇಕಿರಲಿಲ್ಲ.

ಮಡಿಲ ತುಂಬ ಮೊಗ್ಗು ಹಿಡಿದು ಅವಳು ದಿಕ್ಕುಗಾಣದೆ ನಿಂತಳು. ಕೊನೆಗೆ ಬಚ್ಚಲಿನ ಬಕೆಟ್ಟಿಗೆ ಸುರಿದು ಮೇಲೊಂದು ತಟ್ಟೆ ಮುಚ್ಚಿದಳು. ನೀರಲ್ಲಿ ಸತ್ತಾವು ಅಂದುಕೊಂಡಳು. ನೀರು ಕಂಡರೆ ಮೊಗ್ಗು ಇನ್ನಷ್ಟು ಬಿರಿಯುತ್ತದೆ ಎಂಬುದು ದಿನಾ ಗಿಡ ಮುಟ್ಟುವವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಭಯಕ್ಕೆ ಅದು ಗೊತ್ತಿರಲಿಲ್ಲ.

ಸಂಜೆ ಖೈರುನ್ನೀಸಾ ಕಾಲು ತೊಳೆಯಲು ಬಚ್ಚಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು.

"ರಹಿಮಾ, ಬಾರೇ ಇಲ್ಲಿ! ನಿನ್ ಸೊಸೆ ಬಚ್ಚಲಲ್ಲಿ ಅಂಗಡಿ ಇಟ್ಟವ್ಳೆ!"

ತಟ್ಟೆ ನೆಲದಲ್ಲಿತ್ತು. ಬಕೆಟ್ಟಿನ ತುಂಬ ಬಿಳಿ. ಒಂದೂ ಬಾಡಿರಲಿಲ್ಲ.

"ಬಿಸಾಕೋಣ ಅಂತ..." ರೂಬಿ ತೊದಲಿದಳು.

"ಬಿಸಾಕೋರು ನೀರಲ್ಲಿಟ್ಟು ಮುಚ್ಚಿಡ್ತಾರಾ? ಗಂಡ ಮಣ್ಣಲ್ಲವ್ನೆ, ಇವ್ಳಿಗೆ ಹೂವಿನ ಸ್ನಾನ! ಇಂಥೋಳ್ನ ಮನೇಲಿ ಇಟ್ಕೊಂಡು ಯಾವ ಮುಖ ಹೊತ್ಕೊಂಡು ತಿರುಗ್ತೀಯೇ? ತವರಿಗೆ ಕಳ್ಸು."

ರಹಿಮಾ ಬೀ ಸೊಸೆಯತ್ತ ನೋಡಲಿಲ್ಲ. "ಆ ಗಿಡದ್ದೇ ಕಾಟ. ಮಚ್ಚು ತಗೊಂಬಾರೇ, ಕಡಿದು ಹಾಕ್ಬಿಡಾಣ," ಎಂದಳು.

ರೂಬಿ ಮಚ್ಚು ತಂದಳು. ಅತ್ತೆಗೆ ಕೊಡಲಿಲ್ಲ. ನೇರ ಹಿತ್ತಿಲಿಗೆ ನಡೆದು ಗಿಡದ ಬುಡಕ್ಕೇ ಹಾಕಿದಳು. ನಾಳೆ ಬಿಡಿಸಬೇಕಿದ್ದ ಮೊಗ್ಗುಗಳು ಏಟಿಗೊಮ್ಮೆ ಉದುರಿದವು. ಕಾಂಡ ತುಂಡಾದ ಮೇಲೂ ಅವಳ ಕೈ ನಿಲ್ಲಲಿಲ್ಲ. ಬೇರು ಸೀಳುವ ತನಕ ಕೊಚ್ಚಿದಳು.

"ಸಾಕ್ ಬುಡು, ಮಣ್ಣು ಕಡೀತಿದೀಯ," ಎಂದಳು ಖೈರುನ್ನೀಸಾ. ಅವಳ ದನಿ ಇಳಿದಿತ್ತು. ಬಸ್ಸಿಗೆ ಹೊರಡುವಾಗ, "ಹುಡ್ಗಿ ಇಲ್ಲೇ ಇರ್ಲಿ. ಮಾತು ಕೇಳ್ತಾಳೆ," ಎಂದು ತೀರ್ಪು ಕೊಟ್ಟು ಹೋದಳು.

ರೂಬಿ ಗೆದ್ದಿದ್ದಳು. ಅಂಗೈಯ ಬೊಬ್ಬೆ ನೋಡಿಕೊಳ್ಳುತ್ತ ಒಳಗೆ ಬಂದಾಗ ಅತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಅಷ್ಟು ಅವಸರ ಏನಿತ್ತೇ?"

"ನೀವೇ ಹೇಳಿದ್ರಲ್ಲ, ಅಮ್ಮೀ."

"ಹೇಳ್ದೆ. ಅವಳ ಬಾಯಿ ಮುಚ್ಸೋಕೆ ಹೇಳ್ದೆ. ಮಚ್ಚು ಸಿಗ್ಲಿಲ್ಲ ಅಂದಿದ್ರೆ ಅವಳ ಕೊನೇ ಬಸ್ಸು ಬಂದಿರೋದು, ಗಿಡ ಉಳ್ದಿರೋದು." ರಹಿಮಾ ಬೀ ಈಗಲೂ ತಿರುಗಲಿಲ್ಲ. "ನನ್ ಮಗಾ ನೆಟ್ಟಿದ್ದು ಕಣೇ ಅದು."

ರೂಬಿ ಬಾಗಿಲಲ್ಲೇ ನಿಂತಳು. ಆ ಮನೆಯಲ್ಲಿ ಎಲ್ಲಿ ಕೂರಬೇಕೆಂದು ಅವಳಿಗೆ ತಿಳಿಯಲಿಲ್ಲ.