ಕೂಸಿನ ಕುಂಚಿಗೆಯ ಕೆಂಪು

ಪ್ರಿಂಟರಿನಿಂದ ಹೊರಬಂದ ಫೋಟೋದಲ್ಲಿ ಕೂಸಿನ ಮುಖ ಹಸಿರಾಗಿತ್ತು. ತಲೆಯ ಮೇಲಿನ ಕೆಂಪು ಕುಂಚಿಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

"ಅಯ್ಯ ಯವ್ವಾ, ಇದೇನ ಅತೀಯಾ!" ಗ್ಯಾನಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಇದನ್ನ ಕಂಡ್ರ ನಮ್ಮ ಯಜಮಾನ ಮೊಮ್ಮಗನಿಗೆ ಕಾಮಾಲಿ ಆಗೇತಿ ಅಂತ ಕುರಿ ಅಲ್ಲೇ ಬಿಟ್ಟು ಓಡಿ ಬರ್ತಾನ ನೋಡು!"

ಆಕೆಯ ಗಂಡ ಪಂಪಣ್ಣ ಕುರಿ ಹಿಂಡಿನೊಂದಿಗೆ ಸಿಂಧನೂರಿನಾಚೆ, ಭತ್ತ ಕೊಯ್ದ ಗದ್ದೆಗಳಲ್ಲಿದ್ದ. ಮೊಮ್ಮಗ ಹುಟ್ಟಿದ್ದು ಅವನು ಹೋದ ಮೇಲೆ. ಅವನ ಗುಂಡಿಫೋನಿನಲ್ಲಿ ಕೂಸಿನ ಅಳು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. "ಯಾರದರ ಫೋನಿನ್ಯಾಗ ತೋರಿಸಿ ಹೊಳ್ಳಿ ಒಯ್ಯಬ್ಯಾಡ್ರಿ, ನನಗ ಕಿಸೆದಾಗ ಇಟ್ಕೊಳ್ಳಾಕ ಬೇಕು" ಎಂದಿದ್ದ. ಹಿಂಡಿನವರಿಗೆ ಬುತ್ತಿ ಒಯ್ಯುವ ಕನಕರಾಜ ಈ ಫೋಟೋಕ್ಕಾಗಿ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಈ ಬಸ್ಸು ತಪ್ಪಿತೋ, ಹಿಂಡು ಮತ್ತೆಲ್ಲಿ ಸಿಗುವುದೋ.

ನಡುಮನೆಯಲ್ಲಿ ಪ್ರಿಂಟರ್ ಇಟ್ಟುಕೊಂಡು ಓಣಿಗೆಲ್ಲ ಫೋಟೋ ತೆಗೆದುಕೊಡುವ ಅತೀಯಾ ಪರದೆ ನೋಡಿದಳು. ನಾಲ್ಕೂ ಬಣ್ಣ ತುಂಬಿವೆ ಎನ್ನುತ್ತಿತ್ತು. ತುಂಬಿದ ಬಸುರಿ, ಹೊಟ್ಟೆ ಹಿಡಿದು ಬಗ್ಗಿ ಶಾಯಿ ತೊಟ್ಟಿಯನ್ನೇ ಇಣುಕಿದಳು. ಕೆಂಪು ತಳಕ್ಕಂಟಿತ್ತು.

"ಅಮ್ಮಾ, ಈ ಮಿಷನ್ ಏನರ ಕೂಗಿತ್ತೇನ್ರಿ?"

ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಅತ್ತೆ ಖಾತೂನ್‌ಬೀಯ ಕೈ ನಿಂತಿತು. "ನಿನ್ನೆ ಮಧ್ಯಾಹ್ನ ಕೂಗ್ತು. ನೀ ಆಗಷ್ಟ ಕಣ್ಣು ಮುಚ್ಚಿದ್ದಿ. ರಾತ್ರಿ ಎಲ್ಲಾ ಹೊಟ್ಟ್ಯಾಗಿಂದು ಒದ್ದು ನಿನಗ ನಿದ್ದಿ ಕೊಟ್ಟಿರಲಿಲ್ಲ. ನೀ ಒತ್ತತಿದ್ದಿಯಲ್ಲ ಆ ಗುಂಡಿ, ಅದನ್ನ ಒತ್ತಿ ಸುಮ್ಮನಿರಿಸಿದೆ ಬೇಟಿ."

ಶಾಯಿ ತುಂಬಿದ ಮೇಲೆ ಒತ್ತಬೇಕಾದ ಗುಂಡಿ ಅದು. ಮುದುಕಿಯ ಬೆರಳನ್ನು ನಂಬಿ ಯಂತ್ರ ತನ್ನ ಹೊಟ್ಟೆ ತುಂಬಿದೆಯೆಂದೇ ತಿಳಿದುಕೊಂಡಿತ್ತು.

"ಹಾಲು ಕುಡಸದ ಕೂಸಿನ ಬಾಯಿ ಮುಚ್ಚಿದಂಗಾತಲ್ಲಬೇ ಯಕ್ಕಾ!" ಎಂದಳು ಗ್ಯಾನಮ್ಮ. ನಗಲು ಹೋಗಿ ಬಾಗಿಲಿನತ್ತ ನೋಡಿದಳು. "ಆಸೀಮ್ ಯಾವಾಗ ತರ್ತಾನ ಶಾಯಿ?"

"ನಮ್ಮನಿಯವರು ಸಿಂಧನೂರಿಗೆ ಹೋಗ್ಯಾರ. ಬರೋದು ಸಂಜಿ ಆಕ್ಕೈತಿ" ಎಂದಳು ಅತೀಯಾ.

ಖಾತೂನ್‌ಬೀ ಎದ್ದು ಅಡುಗೆಮನೆಗೆ ಹೋದಳು. ಆ ಮನೆಯಲ್ಲಿ ಖಾಲಿಯಾದ ಎಣ್ಣೆ ಬಾಟಲಿಯನ್ನು ಹಾಗೇ ಎಸೆದದ್ದಿಲ್ಲ. ಇನ್ನೊಂದರ ಬಾಯಿಗೆ ಬಾಯಿಟ್ಟು ಬೋರಲು ನಿಲ್ಲಿಸಿ, ಕೊನೆಯ ಹನಿಯವರೆಗೂ ಇಳಿಸಬೇಕು. ಸೊಸೆ ಬಿಸಾಡಿದ ಶಾಯಿ ಬಾಟಲಿಗಳಿಗೂ ಆಕೆ ಅದನ್ನೇ ಮಾಡಿದ್ದಳು. ತಂದ ಸೀಸೆಯ ತಳದಲ್ಲಿ ಕೆಂಪು ಅಲುಗಿತು.

"ಬ್ಯಾರೆ ಬಣ್ಣ ಕೂಡಸಿಲ್ಲ ಹೌದಿಲ್ರಿ ಅಮ್ಮಾ?"

"ನಾ ಯಾವಾಗರ ಸಾಸಿವ್ಯಾಗ ಮೆಂತ್ಯ ಕೂಡಸೀನೇನು?"

ಅತೀಯಾ ಶಾಯಿ ಸುರುವಿದಳು. ಶಾಯಿ ಉಗುಳುವ ಬಾಯಿಯನ್ನು ಯಂತ್ರದಿಂದಲೇ ತೊಳೆಸಿದಳು. ಅದು ಗೊರಗೊರ ಎಂದು ಬಹಳ ಹೊತ್ತು ಸತಾಯಿಸಿತು. "ಸಣ್ಣದು ತೆಗೀತೀನಿ ಗ್ಯಾನಮ್ಮ. ಕಿಸೆಗೆ ಅಷ್ಟ ಸಾಕು."

ಕಾಗದ ಕೂದಲೆಳೆಯಷ್ಟೇ ಸರಿಯುತ್ತ ಬಂತು. ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿದರು. ಕುಂಚಿಗೆಯ ಅಂಚು ಮಂಕಾಗಿತ್ತು. ಗ್ಯಾನಮ್ಮ ಉಸಿರು ಹಿಡಿದಳು. ಆಮೇಲೆ ಒಮ್ಮೆಲೆ ಕೆಂಪು. ಹಣೆ, ಮೂಗು, ಗುಲಾಬಿ ತುಟಿ.

"ನನ್ನ ಬಂಗಾರ!" ಗ್ಯಾನಮ್ಮ ಸೆರಗಿನಿಂದ ಗಾಳಿ ಹಾಕುತ್ತಲೇ ಹೊಸಿಲು ದಾಟಿದಳು.

"ಏ ಗ್ಯಾನೀ, ಒಂದು ಟಿಕಳಿ ಕೊಟ್ಟು ಹೋಗ!" ಖಾತೂನ್‌ಬೀ ಕೂಗಿದಳು.

"ಯಾಕಬೇ, ಈ ವಯಸ್ಸಿನ್ಯಾಗ ಸಿಂಗಾರ ಏನು?" ಎಂದರೂ ಎಲೆಅಡಿಕೆ ಚೀಲದಿಂದ ಹಣೆಗಂಟಿಸುವ ಟಿಕಳಿಯ ಹಾಳೆಯನ್ನೇ ಎಸೆದು ಓಡಿದಳು.

ಮರುದಿನ ಮಧ್ಯಾಹ್ನ ಅತೀಯಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆಸೀಮ್ ತಂದ ಶಾಯಿ ತುಂಬಿಯಾಗಿತ್ತು. ಶಾಯಿ ಎಲ್ಲಿಗಿಳಿದರೆ ತುಂಬಬೇಕೋ ಆ ಕೆಳಗಿನ ಗೆರೆಯ ಮೇಲೆ, ನಾಲ್ಕೂ ತೊಟ್ಟಿಗಳಿಗೆ ಒಂದೊಂದು ಟಿಕಳಿ ಅಂಟಿತ್ತು. ಖಾತೂನ್‌ಬೀ ಮೊಣಕಾಲೂರಿ, ಫೋನಿನ ಬೆಳಕು ಹಿಡಿದು ಒಂದೊಂದನ್ನೇ ನೋಡುತ್ತ ಹೋದಳು. ಗುಂಡಿ ಒತ್ತಿದ್ದ ಬಲಗೈಯನ್ನು ಮಾತ್ರ ಸೆರಗಿನೊಳಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು.