ನ್ಯಾಮೊಯ್ ಬೇಡಿದ್ದು

ಹೊಳೆದಂಡೆಯ ಮೊಪ್ತಿ ಪಟ್ಟಣದ ಸಂತೆಯಲ್ಲಿ ಅಮ್ಮ ಈರುಳ್ಳಿ ಮಾರುತ್ತಾಳೆ. ಪಕ್ಕದ ಚಾಪೆಯಲ್ಲಿ ನ್ಯಾಮೊಯ್ ಒಣಮೀನು ಮಾರುತ್ತಾಳೆ. ನಾವು ಬಂಡೆಸೀಮೆಯ ದೊಗೊನ್ ಜನ, ಅವಳು ಹೊಳೆಯಲ್ಲಿ ಮೀನು ಹಿಡಿಯುವ ಬೋಜೋ ಕುಲದ ಹೆಂಗಸು. ಇಪ್ಪತ್ತೈದು ವರ್ಷದಲ್ಲಿ ಒಂದು ದಿನವಾದರೂ ಇವರಿಬ್ಬರು ಬೈದಾಡದೆ ಮೂಟೆ ಬಿಚ್ಚಿದ್ದನ್ನು ನಾನು ಕಂಡಿಲ್ಲ.

"ಬಂದ್ಯಾ, ಮೀನು ನಾತದವಳೇ? ಗಾಳಿ ಆಗ್ಲೇ ಬಂದು ಹೇಳ್ತು."

"ನನ್ನ ಆಳು ನನಗಿಂತ ಮುಂಚೆ ಬಂದಿದ್ದಾಳೆ, ಪರವಾಗಿಲ್ಲ. ಆ ಚಾಪೆ ಕೊಡವಿ ಹಾಸು."

ಇದಕ್ಕೆ ಸಿಟ್ಟಾಗುವ ಹಾಗಿಲ್ಲ. ಎರಡೂ ಕುಲದ ಮೂಲಪುರುಷರು ಕಟ್ಟಿಟ್ಟುಹೋದ ಕಟ್ಟಳೆ ಅದು. ಎಷ್ಟು ಬೇಕಾದರೂ ಬೈಯಬಹುದು, ಆದರೆ ಬೋಜೋ ಬೇಡಿದ್ದನ್ನು ದೊಗೊನ್ ಇಲ್ಲವೆನ್ನಬಾರದು, ನಮ್ಮ ದೆಸೆಯಿಂದ ಅವರ ರಕ್ತ ನೆಲಕ್ಕೆ ಬೀಳಬಾರದು. ನಾಲ್ಕಕ್ಷರ ಕಲಿತ ನಾನು ಇದನ್ನೆಲ್ಲ ಮುದುಕರ ಹೊತ್ತು ಕಳೆಯುವ ಆಟವೆಂದು ನಗುತ್ತಿದ್ದೆ.

ಒಂದು ಬೆಳಿಗ್ಗೆ ತಂಗಿ ಯಾಕೆನೆಗೆ ಹೆಣ್ಣುಮಗು ಹುಟ್ಟಿತು. ಮಗು ಗಟ್ಟಿಯಾಗಿತ್ತು, ತಾಯಿಗೆ ಮಾತ್ರ ರಕ್ತಸ್ರಾವ ನಿಲ್ಲಲಿಲ್ಲ. ಅವಳ ಗಂಡ ಈರುಳ್ಳಿ ಲಾರಿಯೊಂದಿಗೆ ದೂರದ ಬಮಾಕೊ ಕಡೆ ಹೋಗಿದ್ದ. ಆಸ್ಪತ್ರೆಯಲ್ಲಿ ಅವಳಿಗೆ ಹೊಂದುವ ರಕ್ತ ಇರಲಿಲ್ಲ. ನನ್ನದು, ಅಮ್ಮನದು ಎರಡೂ ಹೊಂದಲಿಲ್ಲ. ಸಜ್ಜೆ ಗಂಜಿ ಹಿಡಿದು ಬಂದಿದ್ದ ನ್ಯಾಮೊಯ್ ಕೇಳದೆಯೇ ತೋಳು ಚಾಚಿದಳು. ಅವಳದು ಹೊಂದಿತು.

ಅಮ್ಮ ಹೋಗಿ ಆ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡ. ನಮ್ಮಿಂದ ಬೋಜೋ ರಕ್ತ ಹರಿದ್ರೆ ಅದು ಮದ್ದಾಗಲ್ಲ. ನನ್ನ ಮಗಳನ್ನೇ ತಿನ್ನುತ್ತೆ."

"ಬೇಗ ಹೇಳೀಮ್ಮಾ, ಹೊತ್ತಿಲ್ಲ," ಎಂದಳು ನರ್ಸ್.

ಒಪ್ಪಿಗೆಯ ಕಾಗದ ನನ್ನ ಕೈಯಲ್ಲಿತ್ತು. ನಾನೇ ಸಹಿ ಹಾಕಬಹುದಿತ್ತು. ಆಟವೆಂದು ನಕ್ಕವಳಿಗೆ ಕೈಯೇ ಬರಲಿಲ್ಲ. ಅಲ್ಲಿ ತಂಗಿ ಬಿಳಿಚಿಕೊಳ್ಳುತ್ತಿದ್ದಾಳೆ, ಇಲ್ಲಿ ನಾನು ಎಂದೂ ಕಾಣದ ಅಜ್ಜಂದಿರಿಗೆ ಹೆದರಿ ನಿಂತಿದ್ದೇನೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ನ್ಯಾಮೊಯ್ ತೋಳು ಕೊಸರಿಕೊಳ್ಳಲಿಲ್ಲ.

"ಈರುಳ್ಳಿ ತಲೆಯವಳೇ, ನಿಮ್ಮ ಕುಲದ ಮೂಲದಜ್ಜ ಹಸಿವಿನಿಂದ ಸಾಯ್ತಿದ್ದಾಗ ಏನು ತಿಂದ?"

ಅಮ್ಮ ತಲೆ ತಗ್ಗಿಸಿದಳು.

"ಬಾಯಿ ಬಿಟ್ಟು ಹೇಳು."

"ಮಾಂಸ."

"ಯಾರದ್ದು?"

"ನಿಮ್ಮಜ್ಜಂದು. ಬಲೆಗೆ ಮೀನು ಬೀಳ್ಲಿಲ್ಲ ಅಂತ ತನ್ನ ತೊಡೆ ಕೊಯ್ದು ಸುಟ್ಟು ಕೊಟ್ಟ."

"ತೊಡೆ ಕೊಯ್ದಾಗ ರಕ್ತ ಬರ್ದೆ ಹಾಲು ಬಂತಾ? ನೀವು ಕಿತ್ಕೊಂಡಿದ್ರೆ ತಪ್ಪು. ಅವನೇ ಕೊಟ್ಟ. ಇವತ್ತು ನಾನೇ ಕೊಡ್ತಿದೀನಿ." ಅವಳ ದನಿ ತಗ್ಗಿತು. "ಈಗ ಬೋಜೋ ಆಗಿ ನಿನ್ನ ಹತ್ರ ಒಂದೇ ಒಂದು ಬೇಡ್ತೀನಿ. ನನ್ನ ಕೈ ಬಿಡು. ಇಲ್ಲ ಅನ್ನೋ ಧೈರ್ಯ ಇದ್ರೆ ಅನ್ನು."

ಅಮ್ಮ ಕೈ ಬಿಟ್ಟಳು. ನಾನು ಸಹಿ ಹಾಕಿದೆ.

ಸೂಜಿ ಚುಚ್ಚುವ ಮುಂಚೆ ಅಮ್ಮ ಹೆಗಲ ವಸ್ತ್ರ ತೆಗೆದು ಆ ತೋಳಿನ ಕೆಳಗೆ ಹಾಸಿದಳು. ಬಾಟಲಿ ತುಂಬುವವರೆಗೂ ಅದರ ಪಕ್ಕ ಮೊಣಕಾಲೂರಿ ಕೂತಿದ್ದಳು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಯಾಕೆನೆ ಕಣ್ಣು ಬಿಟ್ಟು ಮಗು ಎಲ್ಲಿ ಎಂದು ಕೇಳಿದಳು. ತೊಡೆ ಕೊಯ್ದುಕೊಟ್ಟ ಆ ಅಜ್ಜನನ್ನು ನಾನು ಮೊದಲ ಸಲ ನಿಜವಾಗಿ ನೆನೆದೆ. ಅವನು ಇದ್ದನೋ ಇಲ್ಲವೋ, ನನ್ನ ತಂಗಿಯನ್ನು ಉಳಿಸಿದ್ದಂತೂ ಅವನೇ.

ಬೋಜೋಗಳಿಗೆ 'ಉಪಕಾರವಾಯಿತು' ಎಂದು ಹೇಳುವುದು ಅಮ್ಮನ ಪಾಲಿಗೆ ದೊಡ್ಡ ಮರ್ಯಾದೆಗೇಡು. ಅವರಿಗೆ ಸಲ್ಲುವುದು ಬೈಗುಳವೊಂದೇ. ಹಾಗಾಗಿ ನಾಮಕರಣದವರೆಗಿನ ಎಂಟು ದಿನವೂ ಅವಳು ತಕ್ಕ ಬೈಗುಳ ಹುಡುಕುತ್ತ ತನ್ನಷ್ಟಕ್ಕೆ ಗೊಣಗುತ್ತಿದ್ದಳು.

ನಾಮಕರಣದ ದಿನ ನ್ಯಾಮೊಯ್ ಬೀದಿಯಿಂದಲೇ ಕೂಗುತ್ತ ಬಂದಳು. "ನನಗೊಬ್ಬಳು ಹೊಸ ಆಳು ಹುಟ್ಟಿದ್ದಾಳಂತೆ, ಎಲ್ಲಿ ತನ್ನಿ, ಕೈಕಾಲು ನೋಡ್ತೀನಿ."

ನೆಂಟರೆಲ್ಲ ನಕ್ಕರು. ಅಮ್ಮ ಚಾಪೆ ಕೊಡವಿ ಹಾಸಿ ಅವಳನ್ನು ಕೂರಿಸಿ, ಮಗುವನ್ನು ಅವಳ ಮಡಿಲಲ್ಲಿಟ್ಟಳು.

"ಏನೇ, ಬೈಗುಳ ಖಾಲಿಯಾಯ್ತಾ?"

"ನಿನ್ನ ಮೀನು ನಾತ," ಎಂದು ಅಮ್ಮ ಶುರು ಮಾಡಿದಳು. "ಈಗ ನನ್ನ ಮಗಳ ಮೈಯಿಂದಲೂ ಬರ್ತಿದೆ. ಎಷ್ಟು ತೊಳೆದ್ರೂ ಹೋಗಲ್ಲ."

ಅಮ್ಮ ನ್ಯಾಮೊಯ್‌ಳ ಚಾಪೆಯ ಮೇಲೆಯೇ ಕುಸಿದು ಕೂತು, ಹೆಗಲ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು.

"ಹೋಗದೇ ಇರಲಿ ಅಂತ ದಿನಾ ಬೇಡ್ಕೋತಿದೀನಿ ಕಣೇ."