ತವರಿನ ಮೊಳೆ

ಅಣ್ಣನ ಹಿಮ್ಮಡಿಯ ಬಿರುಕಿನಲ್ಲಿ ಹಳದಿ ಮಣ್ಣು, ಇನ್ನೂ ಹಸಿ, ತೊರೆಯಂಚಿನ ಮಣ್ಣು ಅದು, ಬೇರೆಲ್ಲೂ ಆ ಬಣ್ಣವಿಲ್ಲ, ಅಂದರೆ ಆ ತುಂಡು ನೆಲವನ್ನೇ ತುಳಿದುಕೊಂಡು ಬಂದಿದ್ದಾನೆ, ಮಗ ಬಿದ್ದ ಜಾಗವನ್ನೇ — ಅಪೊಲೋನಿಯಾ ಚಾಪೆಯ ಮೇಲೆ ಕುಳಿತಿದ್ದಾಳೆ, ತಲೆ ಎತ್ತಲಾರಳು, ಶವಪೆಟ್ಟಿಗೆಯ ಪಕ್ಕದಲ್ಲಿ ಮಂಡಿಯೂರಿದವನ ಹಿಮ್ಮಡಿಯಷ್ಟೇ ಕಣ್ಣಿಗೆ ಬೀಳುತ್ತಿದೆ, ಸುತ್ತಿಗೆ ಮೇಲೇಳುತ್ತದೆ, ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ, ಠಣ್, ಮೊದಲನೆಯ ಮೊಳೆ ಹಲಗೆಯೊಳಗೆ ಇಳಿಯುತ್ತದೆ, ಒಳಗಿನಿಂದ ಮಗ ಸಿಪ್ರಿಯೇ ಓಗೊಟ್ಟ ಹಾಗೆ ಒಂದು ಟೊಳ್ಳು ಸದ್ದು. ಪೆಟ್ಟಿಗೆ ಮುಚ್ಚುವ ಕೈ ತಾಯಿಯ ತವರಿನದೇ ಆಗಬೇಕು, ಹೆಣ್ಣು ಕೊಟ್ಟವರೇ ಮೊಳೆ ಹೊಡೆಯಬೇಕು, ಇಲ್ಲದಿದ್ದರೆ ಸತ್ತವನಿಗೆ ದಾರಿ ತೆರೆಯದು, ಹಿರಿಯರ ಕಟ್ಟಳೆ ಅದು, ಪಾದ್ರಿಗಳೂ ಅದಕ್ಕೆ ಅಡ್ಡ ಬಂದವರಲ್ಲ. ಆದರೆ ಅವಳ ತವರು ತೊರೆಯಾಚೆಯ ಊರು, ಮೊನ್ನೆ ಮಂಜಿನಲ್ಲಿ ಮಚ್ಚು ಹಿಡಿದು ಬಂದದ್ದೂ ಅದೇ ಊರು, ಮುಂದಿನ ಸಾಲಿನಲ್ಲಿದ್ದವನು ಇದೇ ಹುಬೆರ್ತುಸ್, ಅವಳ ಒಡಹುಟ್ಟಿದ ಅಣ್ಣ. ಬಾ ಎಂದು ಹೇಳಿಕಳಿಸಿದವನು ಗಂಡ ಗಾಸ್ಪರ್. ಮೊಳೆ ಹೊಡೆದು ಮುಗಿಯೋವರ್ಗೂ ಅವ್ನು ನಮ್ ನೆಂಟ, ಕೂದ್ಲು ಕೊಂಕಲ್ಲ ಅಂತ ಹೇಳಿ. ಮುಗಿಯುವವರೆಗೆ. ಆ ಮಾತಿನ ಬಾಲ ಅವಳಿಗೆ ಬೆಳಗ್ಗೆ ಅಡುಗೆಮನೆಯ ಬಿದಿರು ತಟ್ಟಿಯ ಸಂದಿಯಿಂದ ಕೇಳಿಸಿತ್ತು, ಹಂದಿಗೂಡಿನ ಹತ್ತಿರ ಗಾಸ್ಪರನ ತಮ್ಮ ದೋನಾತುಸ್ ಕುಕ್ಕರಗಾಲಿನಲ್ಲಿ ಕುಳಿತಿದ್ದ, ಮುಗಿದ್ಮೇಲೆ ಏನಣ್ಣಾ ಅಂದ, ಮುಗಿದ್ಮೇಲೆ ಅವ್ನೂ ಒಬ್ಬ ದಾರಿಹೋಕ, ಅಂಗಳ ದಾಟಕ್ಕೆ ಬಿಡಬ್ಯಾಡ ಅಂದ ಗಾಸ್ಪರ್, ಗಡಿ ಜಗಳದಲ್ಲಿ ಸುಳ್ಳುಗಾರನ್ನ ಮಣ್ಣೇ ಬೀಳ್ಸೋದು, ನಮ್ ಹುಡ್ಗ ಒಬ್ನೇ ಬಿದ್ರೆ ಸುಳ್ಳು ನಮ್ದೇ ಅಂತ ಮಣ್ಣೇ ಹೇಳ್ದಂಗಾಯ್ತು, ಆ ಕಡೇದೂ ಒಂದು ಬೀಳ್ಬೇಕು, ಆಗ ನೆಲ ನಮ್ದು ಅನ್ನಕ್ಕೆ ಬಾಯಿರ್ತದೆ. ದೋನಾತುಸ್ ನಕ್ಕ, ಕೋಳಿ ತಾನಾಗೇ ಒಲೆ ಹತ್ರ ಬರ್ತಾ ಇದೆ ಬಿಡು. ಕೇಳಿದವಳು ಏನು ಮಾಡಿದಳು, ಕೂಗಲಿಲ್ಲ, ಅಳಲಿಲ್ಲ, ನೀರಿನ ಹಂಡೆಯ ಹಿಂದಿದ್ದ ಮಸೆಗಲ್ಲನ್ನು ತಂದು ಮೈದುನನ ಕೈಗೆ ತಾನೇ ಇಟ್ಟಳು. ಅವನು ದಿಗಿಲಿನಿಂದ ಮುಖ ನೋಡಿದ. ಅತ್ತಿಗೇ, ಅದು ನಿಮ್ಮಣ್ಣ. ಗೊತ್ತು, ಮಚ್ಚು ಚೆನ್ನಾಗಿ ಮಸೆ, ಹರಿತ ಇಲ್ದಿದ್ರೆ ಸದ್ದಾಗುತ್ತೆ. ಅಯ್ಯೋ ದೇವರೇ, ಆ ಬಾಯಿ ಅವಳದೇ.

ಠಣ್, ಎರಡನೆಯದು. ಬೀಳಲಿ, ಇವನೂ ಬೀಳಲಿ, ಅಂಗಳದ ಕಲ್ಲಿನ ಮೇಲೆ ಬೀಳಲಿ, ಕತ್ತಿನ ನರ ಎರಡಾಗಲಿ, ಸಿಪ್ರಿಯ ಕತ್ತು ಸೀಳಿದ್ದ ಹಾಗೆಯೇ, ಕತ್ತಿನಿಂದ ಎದೆಗೆ ಇಳಿದ ಆ ಸೀಳು, ತೊಳೆಯುವಾಗ ಬಟ್ಟೆ ಒಳಗೇ ಹೋಗಿಬಿಟ್ಟಿತ್ತು, ಬೆರಳೂ ಹೋಗಿತ್ತು, ಒಳಗೆ ಬೆಚ್ಚಗಿರುತ್ತದೆ ಅಂದುಕೊಂಡಿದ್ದಳು, ತೊರೆಯ ನೀರಿನ ಹಾಗೆ ಕೊರೆಯುತ್ತಿತ್ತು. ಅತ್ತೆ ಎಣ್ಣೆ ಹಿಡಿದು ನಿಂತಿದ್ದಳು, ನಿನ್ ತವರಿನ ಮಚ್ಚು ನಿನ್ ಹೊಟ್ಟೆಗೇ ಬಂತಲ್ಲೇ, ಇಂಥ ಮನೆಯಿಂದ ಹೆಣ್ಣು ತರಬೇಡ್ರೋ ಅಂತ ಬಡ್ಕೊಂಡೆ, ಎಮ್ಮೆ ಕೊಟ್ಟು ತಂದ್ವಿ, ಹೆಣ ಕೊಟ್ಟು ಕಳಿಸಿದ್ರು. ಅವಳು ಮಗನ ಅಂಗೈ ತೊಳೆಯುತ್ತಿದ್ದಳು, ಅಂಗೈ ಹಾಗೇ ಇತ್ತು, ಮುಂಗೈಯೂ ಹಾಗೇ, ಒಂದು ಗೀರಿಲ್ಲ. ಹೊಡೆಯಲು ಬಂದವನಿಗೆ ಯಾರಾದರೂ ಕೈ ಅಡ್ಡ ಹಿಡಿಯುತ್ತಾರೆ, ಹಸುಗೂಸೂ ಹಿಡಿಯುತ್ತದೆ, ಇವನೇಕೆ ಹಿಡಿಯಲಿಲ್ಲ — ಅದೊಂದು ಮಾತ್ರ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಜಪಮಾಲೆ ಕೈಯಲ್ಲಿದೆ, ಮಣಿ ಸರಿಯುವುದಿಲ್ಲ, ಪರಲೋಕದ ತಂದೆಯೇ ಎಂದು ಶುರುವಾಗುತ್ತದೆ, ನಾವು ಕ್ಷಮಿಸುವಂತೆ ಎನ್ನುವಲ್ಲಿಗೆ ಬಂದು ನಾಲಿಗೆ ಕಲ್ಲಾಗುತ್ತದೆ, ಮತ್ತೆ ಮೊದಲಿನಿಂದ. ಶಿಲುಬೆಯ ಕೆಳಗೆ ನಿಂತಿದ್ದ ಆ ತಾಯಿಯೂ ಮೊಳೆ ಹೊಡೆಯುವ ಸದ್ದು ಕೇಳಿದವಳು, ಆದರೆ ಅವಳ ಅಣ್ಣ ಸುತ್ತಿಗೆ ಹಿಡಿದಿರಲಿಲ್ಲ. ಪಾದ್ರಿಗಳಾದರೂ ಬಂದಿದ್ದರೆ, ಹೇಗೆ ಬಂದಾರು, ರುತೆಂಗ್ ಪೇಟೆಯಿಂದ ಏರುವ ದಾರಿಗೆ ನಮ್ಮವರೇ ಮರ ಉರುಳಿಸಿದ್ದಾರೆ, ಪೊಲೀಸರೂ ಬರಬಾರದು, ದೇವರೂ ಬರಬಾರದು, ನೆಲದ ಮಾತು ನೆಲದಲ್ಲೇ ಮುಗಿಯಬೇಕಂತೆ.

ನೆಲ! ದುಂಡು ಹೊಲ, ಜೇಡನ ಬಲೆಯ ಹಾಗೆ ನಡುವಿನ ಗೂಟದಿಂದ ಸುತ್ತಲೂ ಹರಡಿದ ಪಾಲುಗಳು, ಗೂಟದ ಬಳಿ ಗಾಸ್ಪರನ ಪಾಲು ಒಂದು ಹೆಬ್ಬೆರಳಗಲ, ಕೆಳಗೆ ತೊರೆಯ ಬಳಿಗೆ ಬರುವಷ್ಟರಲ್ಲಿ ಒಂದು ಕಾಫಿ ತೋಟದಗಲ. ಗುಡ್ಡ ಕುಸಿದ ವರ್ಷ ತೊರೆ ಆಚೆಗೆ ಸರಿಯಿತು, ಹಳೆಯ ತೊರೆಗೂ ಹೊಸದಕ್ಕೂ ನಡುವೆ ಹಳದಿ ಮಣ್ಣು ಎದ್ದು ಕುಳಿತಿತು, ತೊರೆಯೇ ಗಡಿ, ನೀರು ಎಲ್ಲಿಗೆ ಹೋಯ್ತೋ ಅಲ್ಲೀವರ್ಗೂ ನಮ್ದು ಅಂದರು ಇವರು, ಹಳೇ ತೊರೆ ದಾಟಿ ಒಂದು ಕಾಫಿ ಗಿಡ ನೆಟ್ರೂ ಕೈ ಕಡೀತೀವಿ ಅಂದರು ಅವರು. ಅದು ಯಾರ ನೆಲವೂ ಅಲ್ಲ. ಅದು ನೀರಾಗಿತ್ತು. ಅವಳಿಗೆ ಗೊತ್ತು, ಚಿಕ್ಕಂದಿನಲ್ಲಿ ಲಂಗ ಮೇಲೆ ಕಟ್ಟಿಕೊಂಡು ಅಲ್ಲೇ ಏಡಿ ಹಿಡಿಯುತ್ತಿದ್ದಳು, ಹುಬೆರ್ತುಸ್ ಕಲ್ಲು ಎತ್ತುತ್ತಿದ್ದ, ಲೋನಿ, ಹಿಡಿ ಹಿಡಿ, ಬಾಲ ಹಿಡೀಬೇಡ್ವೇ ಪೆದ್ದೀ, ಏಡಿಗೆ ಬಾಲ ಎಲ್ಲಿದೆ ಅಣ್ಣಾ, ಇಬ್ಬರೂ ನಕ್ಕು ನಕ್ಕು ನೀರಿಗೆ ಬಿದ್ದು — ಗಂಡನಿಗೆ ಹೇಳಿದ್ದಳು, ಅದು ನೀರಿದ್ದ ಜಾಗ, ಬಿಟ್ಬಿಡಿ. ತವರಿನ ವಕಾಲತ್ತು ಇಲ್ಲಿ ಬೇಡ ಅಂದ. ಅಣ್ಣನಿಗೂ ಹೇಳಿದ್ದಳು. ಕೊಟ್ಟ ಹೆಣ್ಣಿಗೆ ಗಡಿ ಮಾತು ಯಾಕಮ್ಮಾ ಅಂದ. ಏಡಿಗಳಿಗಾದರೂ ಬಿಲ ಇದ್ದವು, ಅವಳ ಮಾತಿಗೆ ಎರಡು ಊರಲ್ಲೂ ಜಾಗವಿರಲಿಲ್ಲ.

ಠಣ್, ಮೂರನೆಯದು, ಆ ಸದ್ದಿನ ಮರೆಯಲ್ಲೇ ಅಣ್ಣನ ದನಿ, ತಲೆ ಎತ್ತದೆ, ಪೆಟ್ಟಿಗೆಗೇ ಹೇಳುವ ಹಾಗೆ, ಲೋನಿ, ಅವ್ನು ನನ್ನ ನೋಡ್ದ ಕಣೇ. ಮಂಜು ಸರೀತು, ಎದುರಾ ಎದುರು ನಿಂತಿದ್ವಿ, ಅವ್ನ ಮಚ್ಚು ಮೇಲಿತ್ತು, ನನ್ ಗುರ್ತು ಹಿಡ್ದ, ಮಾವಾ ಅಂದ, ಮಚ್ಚು ಕೆಳಗಿಳಿಸ್ಬಿಟ್ಟ. ಸುತ್ತಿಗೆ ಮೇಲೆ, ಗಾಳಿಯಲ್ಲಿ, ಇಳಿಯುವುದಿಲ್ಲ. ಹೊಡ್ದಿದ್ದು ನೀನಾ, ಅವಳ ಬಾಯಿ ಕೇಳುತ್ತದೆ. ನಾನಲ್ಲ, ಪಕ್ಕದಲ್ಲಿದ್ದೋರು. ನಿನ್ ಮಚ್ಚು? ಹೊಡೀಲಿಲ್ಲ ಲೋನಿ. ಇಳಿಸ್ಲೂ ಇಲ್ಲ. ಠಣ್. ಸೋದರಮಾವ ಅಂದರೆ ಭೂಮಿಯ ಮೇಲಿನ ದೇವರು ಮಗಾ, ಅವನ ಮೇಲೆ ಕೈ ಎತ್ತಿದವನ ಕೈ ಒಣಗುತ್ತದೆ, ಅವನೆದುರು ಕಾಲು ಚಾಚಬಾರದು, ದನಿ ಏರಿಸಬಾರದು — ಯಾರು ಹೇಳಿಕೊಟ್ಟರು, ತುತ್ತು ತುತ್ತಿಗೂ ಜೋಳದ ಗಂಜಿಯಲ್ಲಿ ಬೆರೆಸಿ ಉಣಿಸಿದವಳು ಯಾರು, ಅದಕ್ಕೇ ಅಂಗೈಯಲ್ಲಿ ಗೀರಿಲ್ಲ, ಅವಳು ಕಲಿಸಿದ ಭಕ್ತಿಯೇ ಅವನ ಕೈಗಳನ್ನು ಕೆಳಗೆ ಹಿಡಿದುಕೊಂಡಿತ್ತು, ಮಣ್ಣು ಯಾವ ಸುಳ್ಳುಗಾರನನ್ನೂ ಬೀಳಿಸಲಿಲ್ಲ, ಮಾವಾ ಅಂದವನು ಬಿದ್ದ. ಎದ್ದುಹೋಗಿ ಈ ಮುಖವನ್ನು ಉಗುರಿನಿಂದ ಹರಿಯಬೇಕು, ಈ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಬೇಕು, ಎರಡೂ ಒಟ್ಟಿಗೆ, ಅಣ್ಣಾ ಹಿಂದಿನ ಬಾಗಿಲು ಎನ್ನುತ್ತಾಳೆ, ಅಥವಾ ಎಂದುಕೊಳ್ಳುತ್ತಾಳೆ, ಅವನು ತಲೆಯಾಡಿಸುತ್ತಾನೆ, ಅಲ್ಲೂ ನಿಂತಿದಾರೆ, ಬರುವಾಗ್ಲೇ ನೋಡ್ದೆ, ಬರದೆ ಇದ್ರೆ ಹುಡ್ಗನಿಗೆ ಮೊಳೆ ಯಾರು ಹೊಡೀತಿದ್ರು.

ಕೊನೆಯ ಮೊಳೆ. ಅಂಗಳದಲ್ಲಿ ಹೆಂಡದ ಲೋಟಗಳು ಕಲ್ಲಿನ ಮೇಲೆ ಇಳಿಯುತ್ತವೆ, ಒಂದರ ಹಿಂದೆ ಒಂದು, ಮಾತು ಅಡಗುತ್ತದೆ, ಬೇಗ ಮುಗ್ಸಪ್ಪಾ, ಹೆಣ ನಾರ್ತಾ ಇದೆ ಎನ್ನುತ್ತಾಳೆ ಅತ್ತೆ, ಬಾಗಿಲ ಬೆಳಕಿಗೆ ದೋನಾತುಸನ ನೆರಳು ಅಡ್ಡ, ನೆರಳಿನ ಕೈ ಉದ್ದವಾಗಿದೆ, ಹರಿತ ಮಾಡಿಸಿದವಳು ಅವಳೇ, ಮೊಳೆ ಅರ್ಧ ಇಳಿದಿದೆ, ಇನ್ನೊಂದು ಪೆಟ್ಟು ಸಾಕು, ಇನ್ನೊಂದು ಪೆಟ್ಟು ಬಿದ್ದರೆ ಸಿಪ್ರಿಗೆ ದಾರಿ ತೆರೆಯುತ್ತದೆ, ಇನ್ನೊಂದು ಪೆಟ್ಟು ಬಿದ್ದರೆ ಅಣ್ಣ ನೆಂಟನಲ್ಲ, ಮಗನೇ ತಡೆದುಕೋ, ಮಗನೇ ಸ್ವಲ್ಪ ತಡೆದುಕೋ, ಮಂಡಿ ಹಲಗೆಗೆ ಬಡಿಯುತ್ತದೆ, ಯಾವಾಗ ಎದ್ದಳೋ, ಅವಳ ಅಂಗೈ ಮೊಳೆಯ ಮೇಲಿದೆ, ಕಬ್ಬಿಣದ ತಲೆ ಅಂಗೈಯ ನಡುವಿಗೆ ಒತ್ತುತ್ತಿದೆ, ತಣ್ಣಗೆ, ಗಾಸ್ಪರ್ ಹೊಸ್ತಿಲಲ್ಲಿ ಅರಚುತ್ತಾನೆ, ಕೈ ತೆಗಿಯೇ ಹುಚ್ಚೀ, ಸೇರ್ಸಿ ಹೊಡೀತಾನೆ, ಹೊಡೀಲಿ ಎನ್ನುತ್ತಾಳೆ, ಅಲ್ಲ, ಹೊಡೆಯಬಾರದು, ಮುಗಿಯಬಾರದು, ಇಳಿಸ್ಬೇಡ ಅಣ್ಣಾ, ಇಳಿಸ್ಬೇಡ, ಅಂಗೈಯ ಕೆಳಗೆ ಹಲಗೆ, ಹಲಗೆಯ ಕೆಳಗೆ ಅವನು, ಅಂಗೈಯ ಮೇಲೆ ಸುತ್ತಿಗೆ, ಎತ್ತಿದ ಸುತ್ತಿಗೆ, ಮೇಲೆ —